ಪಾಟನ್ ದರ್ಬಾರ್ ಚೌಕವನ್ನು ನೋಡುವ ಬಗೆ

ಕಠ್ಮಂಡುವಿನಿಂದ ಬಾಗ್ಮತಿ ನದಿಯನ್ನು ದಾಟಿದರೆ ಸಿಗುವ ಲಲಿತಪುರ, ಅಂದರೆ ಪಾಟನ್, ಈ ಕಣಿವೆಯ ಮೂಲನಿವಾಸಿಗಳಾದ ನೇವಾರರ ಹಳೆಯ ನಗರ. ಮಲ್ಲ ಅರಸರ ಮೂರು ರಾಜಧಾನಿಗಳಲ್ಲಿ ಒಂದು. 1979ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಕಠ್ಮಂಡು ಕಣಿವೆಯ ಏಳು ತಾಣಗಳಲ್ಲಿ ಇದರ ದರ್ಬಾರ್ ಚೌಕವೂ ಸೇರಿದೆ. ಒಂದು ಬೆಳಗನ್ನೂ ಒಂದು ಇಳಿಹೊತ್ತನ್ನೂ ಇದಕ್ಕಾಗಿ ಮೀಸಲಿಡಿ. ಗುಡಿಗಳ ಸಾಲು ಪಶ್ಚಿಮಕ್ಕೂ ಅರಮನೆ ಪೂರ್ವಕ್ಕೂ ಇರುವುದರಿಂದ ಎಳೆಬಿಸಿಲು ಗುಡಿಗಳ ಮುಖದ ಮೇಲೆ ಬೀಳುತ್ತದೆ, ಸಂಜೆಯ ಬಿಸಿಲು ಅರಮನೆಯ ಇಟ್ಟಿಗೆ ಗೋಡೆಗಳನ್ನೂ ಮರದ ಕಿಟಕಿಗಳನ್ನೂ ಬೆಳಗಿಸುತ್ತದೆ. ಭಾರತವೂ ಸೇರಿದಂತೆ ಸಾರ್ಕ್ (ದಕ್ಷಿಣ ಏಷ್ಯಾ ಸಹಕಾರ ಒಕ್ಕೂಟ) ದೇಶಗಳವರಿಗೆ ಪ್ರವೇಶ ಶುಲ್ಕ ಕಡಿಮೆ ಇರುವುದರಿಂದ ಗುರುತಿನ ಚೀಟಿ ಜೊತೆಗಿರಲಿ.

ಉತ್ತರ ತುದಿಯ ಮಂಗಾ ಹಿತಿಯಿಂದ ಆರಂಭಿಸಿ. ನೆಲಮಟ್ಟದಿಂದ ಕೆಳಗಿಳಿದು ಹೋಗುವ ಈ ನೀರಿನ ತಾಣ 6ನೇ ಶತಮಾನದ್ದು, ಲಿಚ್ಛವಿ ಅರಸರ ಕಾಲದ್ದು. ಸುತ್ತಲಿನ ಅರಮನೆ, ಗುಡಿಗಳೆಲ್ಲ ಬಹುಪಾಲು 17ನೇ ಶತಮಾನದವು. ಮೂರು ಕಲ್ಲಿನ ಮಕರಗಳ ಬಾಯಿಂದ ಬೀಳುವ ನೀರಿಗೆ ಊರಿನವರು ಕೊಡ ಹಿಡಿದು ಸರದಿ ಕಾಯುವುದನ್ನು ನೋಡಿದರೆ, ಈ ಚೌಕ ಇನ್ನೂ ದಿನಬಳಕೆಯಲ್ಲಿರುವ ಜಾಗ ಎಂಬುದು ಮನದಟ್ಟಾಗುತ್ತದೆ. ಅವರ ಕೆಲಸಕ್ಕೆ ಅಡ್ಡಿಯಾಗದಂತೆ ಮೆಟ್ಟಿಲ ಬದಿಯಲ್ಲಿ ನಿಂತು ನೋಡಿ.

ಎದುರಿಗಿರುವ ಭೀಮಸೇನನ ಗುಡಿ ವ್ಯಾಪಾರಿಗಳ ದೇವರದು. ಅದರ ದಕ್ಷಿಣಕ್ಕಿರುವ, 1627ರ ವಿಶ್ವನಾಥ ಮಂದಿರದಲ್ಲಿ ನೇವಾರಿ ಗುಡಿಯನ್ನು ಓದುವ ಕ್ರಮವನ್ನು ಕಲಿಯಬಹುದು. ಮೊದಲು ಬಾಗಿಲ ಮೇಲಿನ ತೋರಣವನ್ನು, ಅಂದರೆ ಕಮಾನಿನಾಕಾರದ ಕೆತ್ತನೆಯ ಫಲಕವನ್ನು, ಗಮನಿಸಿ: ಎರಡು ತುದಿಗಳಲ್ಲಿ ಮಕರಗಳಿದ್ದರೆ, ನಡುವೆ ಕೆತ್ತಿದ ಮೂರ್ತಿ ಒಳಗಿನ ದೇವರು ಯಾರೆಂಬುದನ್ನು ಸಾಮಾನ್ಯವಾಗಿ ಹೇಳಿಬಿಡುತ್ತದೆ. ಬಳಿಕ ತಲೆಯೆತ್ತಿ, ಮುಂಚಾಚಿದ ಮಾಡಿಗೆ ಓರೆಯಾಗಿ ಆಸರೆ ಕೊಟ್ಟಿರುವ ಮರದ ತುಂಡಾಲ್‌ಗಳನ್ನು ನೋಡಿ. ಅವುಗಳ ನಡುಭಾಗದಲ್ಲಿ ಹಲವು ಕೈಗಳ ದೇವತೆ, ಕಾಲಡಿಯ ಕಿರುಪಟ್ಟಿಯಲ್ಲಿ ಕೆಲವೆಡೆ ಮಿಥುನಶಿಲ್ಪ, ಮೂಲೆಗಳಲ್ಲಿ ರೆಕ್ಕೆಯುಳ್ಳ ಮೃಗ ಇರುತ್ತವೆ. ಒಂದೇ ಗುಡಿಯನ್ನು ಹೀಗೆ ಸಾವಧಾನವಾಗಿ ನೋಡಿದವರಿಗೆ ಉಳಿದವು ತಾವಾಗಿಯೇ ತೆರೆದುಕೊಳ್ಳುತ್ತವೆ.

ಇಟ್ಟಿಗೆ ಮತ್ತು ಮರದ ಈ ಸಾಲಿನಲ್ಲಿ 1637ರಲ್ಲಿ ಸಿದ್ಧಿನರಸಿಂಹ ಮಲ್ಲನು ಕಟ್ಟಿಸಿದ ಕೃಷ್ಣ ಮಂದಿರ ಪೂರ್ತಿ ಕಲ್ಲಿನದು, ಶಿಖರ ಶೈಲಿಯದು. ಅದರ ಕಲಶಗಳು 21. ಅದನ್ನು ಸುತ್ತುತ್ತಾ ಮೊದಲ ಅಂತಸ್ತಿನ ಪಟ್ಟಿಕೆಯಲ್ಲಿ ಮಹಾಭಾರತವನ್ನೂ ಅದರ ಮೇಲಿನದರಲ್ಲಿ ರಾಮಾಯಣವನ್ನೂ ಹುಡುಕಿ. ಕಥೆ ಗೊತ್ತಿರುವ ನಮಗೆ ಇಲ್ಲಿ ಮಾರ್ಗದರ್ಶಿಯ ಅಗತ್ಯ ಅಷ್ಟಾಗಿ ಬೀಳದು.

ದಕ್ಷಿಣಕ್ಕೆ ಮುಂದುವರಿದರೆ ಕಂಬದ ಮೇಲೆ ಹೆಡೆಯೆತ್ತಿದ ಹಾವಿನ ನೆರಳಲ್ಲಿ ಯೋಗನರೇಂದ್ರ ಮಲ್ಲನ ವಿಗ್ರಹ ಕೂತಿದೆ. ಹೆಡೆಯ ಮೇಲಿನ ಹಕ್ಕಿ ಹಾರಿಹೋಗುವ ತನಕ ಅರಸ ಮರಳಿ ಬರಬಹುದೆಂಬುದು ಊರಿನ ಐತಿಹ್ಯ. ಇದರ ಆಚೀಚೆಗಿದ್ದ ಚಾರ್ ನಾರಾಯಣ ಮತ್ತು ಹರಿಶಂಕರ ಗುಡಿಗಳು 2015ರ ಏಪ್ರಿಲ್ 25ರ ಭೂಕಂಪದಲ್ಲಿ ಕುಸಿದು, ಆನಂತರ ಮರುನಿರ್ಮಾಣಗೊಂಡವು. ಮರಗೆಲಸದಲ್ಲಿ ಹಳತು ಎಲ್ಲಿ, ಹೊಸತು ಎಲ್ಲಿ ಎಂದು ಬಣ್ಣದಿಂದ ಪತ್ತೆಹಚ್ಚುವುದು ನನ್ನ ಮಟ್ಟಿಗೆ ಈ ಚೌಕದ ಅತ್ಯುತ್ತಮ ಅಭ್ಯಾಸ.

ಅರಮನೆಯನ್ನು ಮಧ್ಯಾಹ್ನಕ್ಕೆ ಉಳಿಸಿಕೊಳ್ಳಿ. ಅದರ ಒಳ ಅಂಗಳಗಳನ್ನೂ ಚೌಕ ಎಂದೇ ಕರೆಯುತ್ತಾರೆ. ಚಿನ್ನದ ಬಾಗಿಲಿನ ಕೇಶವ ನಾರಾಯಣ ಚೌಕದಲ್ಲಿ 1997ರಲ್ಲಿ ತೆರೆದ ಪಾಟನ್ ವಸ್ತುಸಂಗ್ರಹಾಲಯವಿದೆ. ಲೋಹದ ಮೂರ್ತಿಗಳ ಎರಕವನ್ನು ವಿವರಿಸುವ ಅದರ ಕೋಣೆಯನ್ನು ಬಿಡಬೇಡಿ. ಮೂಲ ಚೌಕದಲ್ಲಿ ಮಲ್ಲರ ಕುಲದೇವತೆ ತಲೇಜುವಿನ ಗುಡಿಬಾಗಿಲ ಇಕ್ಕೆಲಗಳಲ್ಲಿ ಗಂಗೆ, ಯಮುನೆಯರ ಹೊಂಬಣ್ಣದ ಮೂರ್ತಿಗಳು ನಿಂತಿವೆ. ಮಿಥಿಲೆಯ ಕರ್ಣಾಟ ವಂಶದ ಹರಿಸಿಂಹದೇವನ ಕಡೆಯವರು ಈ ದೇವಿಯನ್ನು ಕಣಿವೆಗೆ ತಂದರೆಂಬ ನಂಬಿಕೆ ಕನ್ನಡಿಗರಿಗೆ ಕುತೂಹಲಕರ. ಸುಂದರಿ ಚೌಕದಲ್ಲಿರುವ ರಾಜರ ಸ್ನಾನಕೊಳ ತುಷಾ ಹಿತಿಯ ಸುತ್ತ ಸಾಲುಗಟ್ಟಿದ ಕಿರುಮೂರ್ತಿಗಳನ್ನು ನೋಡಲು ಹೆಚ್ಚು ಸಮಯ ಬೇಕು.

ಪ್ರವಾಸದ ದಿನವನ್ನು ಆರಿಸಿಕೊಳ್ಳುವ ಅವಕಾಶವಿದ್ದರೆ ಕೃಷ್ಣಾಷ್ಟಮಿಯಂದು ಬನ್ನಿ, ಜನದಟ್ಟಣೆ ಒಗ್ಗದಿದ್ದರೆ ಕಾರ್ತಿಕ ಮಾಸದಲ್ಲಿ ಬನ್ನಿ. ಸಿದ್ಧಿನರಸಿಂಹ ಮಲ್ಲನೇ ಆರಂಭಿಸಿದ ಕಾರ್ತಿಕ ನಾಚ್ ಎಂಬ ನೃತ್ಯನಾಟಕ ಆಗ ಇಲ್ಲಿನ ದಬಲಿಯ (ತೆರೆದ ಜಗಲಿವೇದಿಕೆಯ) ಮೇಲೆ ರಾತ್ರಿ ಹೊತ್ತು ನಡೆಯುತ್ತದೆ. ನರಸಿಂಹಾವತಾರದ ಪ್ರಸಂಗವಿರುವ ದಿನ ಯಾವುದೆಂದು ಸ್ಥಳೀಯರಲ್ಲಿ ವಿಚಾರಿಸಿ, ಕತ್ತಲಾಗುವ ಮುನ್ನವೇ ಗುಡಿಯ ಜಗಲಿಯ ಮೇಲೆ ಜಾಗ ಹಿಡಿದುಕೊಳ್ಳಿ.