ಒಂಬತ್ತನೇ ಕ್ಲಿಪ್ಪು

ಕಾರಿನ ಬಾಗಿಲಿನ ಒಳಗಡೆ ಮೊಣಕೈ ಇಟ್ಟು ಕೂರುತ್ತೇವಲ್ಲ, ಆ ಪ್ಲಾಸ್ಟಿಕ್ ಪ್ಯಾನೆಲ್ ಮಾಡುವ ಕಾರ್ಖಾನೆಯಲ್ಲಿ ನನಗೆ ಕೆಲಸ. ಡಿಪ್ಲೊಮಾ ಮುಗಿಸಿ ಬಿಡದಿಯಲ್ಲಿ ಸೇರಿದೆ. ಐದು ವರ್ಷ ಆದ ಮೇಲೆ ನಮ್ಮ ಮೂಲ ಕಂಪನಿಯವರು ಎರಡು ವರ್ಷಕ್ಕೆ ಅಂತ ಜಪಾನಿಗೆ ಕರೆಸಿಕೊಂಡರು. ಐಚಿ ಪ್ರಾಂತ್ಯ, ಕಾರಿಯಾ ಊರಿನ ಹತ್ತಿರ. ಸುತ್ತಮುತ್ತ ಎಲ್ಲಾ ಕಾರಿನದೇ ವ್ಯವಹಾರ. ಅಲ್ಲೇ ಸ್ವಲ್ಪ ದೂರದಲ್ಲಿ ಕೊರೋಮೊ ಅಂತ ಒಂದು ಊರಿತ್ತು. 1959ರಲ್ಲಿ ಅದರ ಹೆಸರನ್ನೇ ತೆಗೆದು ಟೊಯೋಟಾ ಅಂತ ಇಟ್ಟುಬಿಟ್ಟರು. ನಮ್ಮಲ್ಲಿ ಊರಿನ ಹೆಸರು ಕಂಪನಿಗೆ ಬರುತ್ತದೆ, ಅಲ್ಲಿ ಉಲ್ಟಾ!

ಹೋಗಿ ಮೂರು ತಿಂಗಳಿಗೆ ನನ್ನ ಲೈನಿನಿಂದ ಒಂದು ಕಂಪ್ಲೇಂಟ್ ಬಂತು. ಪ್ಯಾನೆಲ್ಲಿನ ಹಿಂಬದಿಗೆ ಒಂಬತ್ತು ಕ್ಲಿಪ್ ಕೂರಿಸಬೇಕು. ಗಿರಾಕಿಗೆ ಹೋದ ಒಂದು ಪ್ಯಾನೆಲ್ಲಿನಲ್ಲಿ ಎಂಟೇ ಇದ್ದವು. ವರದಿ ಬರೆಯುವುದು ನನ್ನ ಪಾಲಿಗೆ ಬಂತು. ಅಲ್ಲಿ ಇಂಥ ವರದಿಯೆಲ್ಲಾ ಎ3 ಅಳತೆಯ ಒಂದೇ ಹಾಳೆಯಲ್ಲಿ ಮುಗಿಯಬೇಕು. ಬಿಡದಿಯಲ್ಲಿ ಇಂಥ ಎಷ್ಟೋ ಬರೆದಿದ್ದೆ, ಕೈ ಪಳಗಿತ್ತು. 'ಕಾರಣ: ಆಪರೇಟರ್ ಅಜಾಗರೂಕತೆ. ಪರಿಹಾರ: ಮತ್ತೆ ತರಬೇತಿ ಕೊಡಲಾಗಿದೆ.' ಅರ್ಧ ಗಂಟೆಯ ಕೆಲಸ.

ನಮ್ಮ ಕಾಚೋ, ಅಂದರೆ ವಿಭಾಗದ ಮುಖ್ಯಸ್ಥರು, ಹಾಳೆ ನೋಡಿ ಬೈಯಲಿಲ್ಲ. 'ಅಜಾಗರೂಕತೆ' ಅನ್ನುವ ಪದದ ಸುತ್ತ ಪೆನ್ಸಿಲಿನಿಂದ ಒಂದು ಸುತ್ತು ಹಾಕಿ ವಾಪಸ್ ಕೊಟ್ಟರು. "ಇದು ಎಲ್ಲರಿಗೂ ದಿನಾ ಆಗುತ್ತೆ. ಅವತ್ತು ಆ ಪ್ಯಾನೆಲ್ಲಿಗೇ ಯಾಕೆ ಆಯಿತು?" ಅಂದರು. ಅಲ್ಲಿಯವರು ಇದಕ್ಕೆ 'ನಾಝೆ ನಾಝೆ' ಅನ್ನುತ್ತಾರೆ. ಯಾಕೆ ಯಾಕೆ ಅಂತ ಐದು ಸಲ ಕೆದಕುವುದು. ನಾನು ಟ್ರೈನಿಂಗಿನಲ್ಲಿ ಕಲಿತು ಪರೀಕ್ಷೆಯನ್ನೂ ಪಾಸು ಮಾಡಿದ್ದೆ. ಆದರೆ ಮೊದಲನೇ ಯಾಕೆಗೇ ಒಬ್ಬರ ಹೆಸರು ಸಿಕ್ಕಿಬಿಟ್ಟರೆ ಎರಡನೆಯದನ್ನು ಯಾರು ಕೇಳುತ್ತಾರೆ?

ಎರಡನೇ ಹಾಳೆಯೂ ವಾಪಸ್ ಬಂತು. ಮೂರನೆಯದಕ್ಕೆ ಕಾಚೋ ನನ್ನನ್ನು ಲೈನಿಗೇ ಕರೆದುಕೊಂಡು ಹೋಗಿ ಒಂದು ಕಂಬದ ಪಕ್ಕ ನಿಲ್ಲಿಸಿದರು. "ನೋಡು" ಅಂದರು, ಹೊರಟುಹೋದರು. ಟೊಯೋಟಾದ ತಾಯಿಚಿ ಓನೋ ನೆಲದ ಮೇಲೆ ಸೀಮೆಸುಣ್ಣದಿಂದ ಸುತ್ತು ಬರೆದು ಎಂಜಿನಿಯರುಗಳನ್ನು ಅದರೊಳಗೆ ಗಂಟೆಗಟ್ಟಲೆ ನಿಲ್ಲಿಸುತ್ತಿದ್ದರಂತೆ. ಆ ಕತೆ ಕೇಳಿ ನಕ್ಕಿದ್ದೆ. ನನಗೆ ಸೀಮೆಸುಣ್ಣದ ಸುತ್ತು ಇರಲಿಲ್ಲ ಅಷ್ಟೇ.

ಆ ಜಾಗದಲ್ಲಿ ಕೆಲಸ ಮಾಡುತ್ತಿದ್ದವರು ಅರವತ್ತರ ಹತ್ತಿರದ ಒಬ್ಬ ಅಮ್ಮ. ಒಂದು ಪ್ಯಾನೆಲ್ಲಿಗೆ 58 ಸೆಕೆಂಡ್. ಪಟಪಟ ಅಂತ ಒಂಬತ್ತು ಕ್ಲಿಪ್ ಒತ್ತುತ್ತಾರೆ, ಬೆರಳು ತೋರಿಸಿ ಬಾಯಿಬಿಟ್ಟು ಎಣಿಸುತ್ತಾರೆ, ಮುಂದಕ್ಕೆ ಕಳಿಸುತ್ತಾರೆ. ಅಜಾಗರೂಕತೆಯ ಸುಳಿವೇ ಇಲ್ಲ. ಒಂದು ಗಂಟೆ ನಿಂತೆ. ಕಾಲು ನೋವು, ಹೊಟ್ಟೆ ಹಸಿವು. ಕ್ಯಾಂಟೀನಿನಲ್ಲಿ ಸಾರಿನಿಂದ ಹಿಡಿದು ಎಲ್ಲಕ್ಕೂ ಮೀನಿನ ರಸ. ಮಧ್ಯಾಹ್ನಕ್ಕೆ ನನಗೆ ಅನ್ನ, ಉಪ್ಪಿನಕಾಯಿಯೇ ಗತಿ.

ಆಗ ಡಬ್ಬಿ ಮತ್ತೊಮ್ಮೆ ಖಾಲಿಯಾಯಿತು. ಆ ಅಮ್ಮ ಎರಡು ಕ್ಲಿಪ್ ಒತ್ತಿದ್ದರು. ಹಿಂದೆ ತಿರುಗಿ ಹೊಸ ಪ್ಯಾಕೆಟ್ ಹರಿದು ಡಬ್ಬಿಗೆ ಸುರಿದರು. ಇತ್ತ ತಿರುಗಿ ಒಂದು ಕ್ಷಣ ಸುಮ್ನೆ ನಿಂತರು. ಎಷ್ಟಾಗಿತ್ತು ಅಂತ ಕಣ್ಣಿನಿಂದ ಹುಡುಕಿದರು. ಮುಂದುವರಿಸಿದರು.

ಆ ಒಂದು ಕ್ಷಣಕ್ಕಾಗಿಯೇ ಕಾಚೋ ನನ್ನನ್ನು ಅಲ್ಲಿ ನಿಲ್ಲಿಸಿದ್ದು. ಪ್ಯಾಕೆಟ್ಟಿಗೆ 200 ಕ್ಲಿಪ್. ಒಂಬತ್ತರಂತೆ ತೆಗೆದರೆ 22 ಪ್ಯಾನೆಲ್ಲಿಗೆ 198, ಮಿಕ್ಕಿದ್ದು ಎರಡು. ಇಪ್ಪತ್ತಮೂರನೆಯದು ಅರ್ಧಕ್ಕೇ ನಿಲ್ಲಬೇಕು. ಕೂತು ಲೆಕ್ಕ ಹಾಕಿದೆ: ಒಂಬತ್ತು ಪ್ಯಾಕೆಟ್ಟಿನಲ್ಲಿ ಒಂದೇ ಒಂದು ಮಾತ್ರ ಸರಿಯಾಗಿ ಪ್ಯಾನೆಲ್ಲಿನ ಜೊತೆಗೇ ಮುಗಿಯುತ್ತದೆ. ಉಳಿದ ಎಂಟೂ ನಡುವೆ ಕೈ ಕೊಡುತ್ತವೆ. 200ರ ಪ್ಯಾಕೆಟ್ ಯಾಕೆ? ಕ್ಲಿಪ್ ಮಾಡುವವರಿಗೆ ಅದು ಅನುಕೂಲ. ನಮ್ಮ ಒಂಬತ್ತಕ್ಕೂ ಅವರ ಇನ್ನೂರಕ್ಕೂ ಹೊಂದುತ್ತದೆಯೇ ಅಂತ ಯಾರೂ ನೋಡಿರಲಿಲ್ಲ, ಅಷ್ಟೇ ವಿಷಯ.

ಪರಿಹಾರ ನನ್ನದೇನೂ ಹೊಸದಲ್ಲ. 1961ರಲ್ಲೇ ಶಿಗೆಓ ಶಿಂಗೋ ಅನ್ನುವ ಜಪಾನಿ ಎಂಜಿನಿಯರ್ ಇದನ್ನು ಮಾಡಿದ್ದರು. ಒಂದು ಸ್ವಿಚ್ಚಿಗೆ ಎರಡು ಸ್ಪ್ರಿಂಗ್ ಹಾಕಬೇಕಿತ್ತು, ಕೆಲಸದವರು ಒಂದನ್ನು ಮರೆಯುತ್ತಿದ್ದರು. ಮೊದಲು ಎರಡೂ ಸ್ಪ್ರಿಂಗನ್ನು ಒಂದು ತಟ್ಟೆಗೆ ಹಾಕಿಕೊಳ್ಳಿ, ಆಮೇಲೆ ಕೂರಿಸಿ ಅಂದರು. ತಟ್ಟೆಯಲ್ಲಿ ಒಂದು ಉಳಿದರೆ ಮರೆತಿದ್ದು ಕಣ್ಣಿಗೆ ಬೀಳುತ್ತದೆ. ಇಂಥ ಉಪಾಯಕ್ಕೆ ಮೊದಲು 'ಬಾಕಾ ಯೋಕೆ' ಅನ್ನುತ್ತಿದ್ದರು. ಬಾಕಾ ಅಂದರೆ ದಡ್ಡ. ಒಬ್ಬ ಕೆಲಸಗಾರ್ತಿ ನಾನೇನು ದಡ್ಡಿಯಾ ಅಂತ ನೊಂದುಕೊಂಡಿದ್ದಕ್ಕೆ 'ಪೋಕಾ ಯೋಕೆ' ಅಂತ ಬದಲಾಯಿಸಿದರಂತೆ. ಪೋಕಾ ಅಂದರೆ ಕೈತಪ್ಪು.

ನಾನು ರಟ್ಟಿನಲ್ಲಿ ಒಂಬತ್ತು ಗುಂಡಿಯ ತಟ್ಟೆ ಮಾಡಿದೆ. ಖರ್ಚು ಅಂದರೆ ಒಂದು ಟೇಪು. ಹೆಮ್ಮೆಯಿಂದ ತೆಗೆದುಕೊಂಡು ಹೋದರೆ ಆ ಅಮ್ಮ ಹತ್ತು ಪ್ಯಾನೆಲ್ ಮಾಡಿ ನೋಡಿ ತಲೆ ಅಲ್ಲಾಡಿಸಿದರು. ತಟ್ಟೆ ತುಂಬುವುದಕ್ಕೇ ಏಳು ಸೆಕೆಂಡ್ ಹೋಗುತ್ತಿತ್ತು. 58ರಲ್ಲಿ ಏಳು ಎಲ್ಲಿಂದ ತರುವುದು? ದಾರಿ ಹೇಳಿಕೊಟ್ಟವರೂ ಅವರೇ. ಲೈನಿಗೆ ಸಾಮಾನು ತಂದುಕೊಡುವ ಹುಡುಗನಿಗೆ ಅಲ್ಲಿ 'ಮಿಝುಸುಮಾಶಿ' ಅನ್ನುತ್ತಾರೆ, ನೀರಿನ ಮೇಲೆ ಗಿರಗಿರ ಸುತ್ತುವ ಹುಳುವಿನ ಹೆಸರು ಅದು. ತಟ್ಟೆ ಅವನೇ ತುಂಬಿ ತರಲಿ, ಇಪ್ಪತ್ತು ತಟ್ಟೆಯ ಸ್ಟ್ಯಾಂಡ್ ಮಾಡಿ, ನನ್ನ ಎಡಗೈ ಕಡೆ ಇಡಿ ಅಂದರು. ಎಡಗೈಯೇ ಯಾಕೆ ಅಂತ ಕೇಳಿದೆ. ತಾನು ಎಡಚಿ ಅಂತ ನಕ್ಕರು. ಒಂದು ಗಂಟೆ ನಿಂತು ನೋಡಿದರೂ ನನಗೆ ಅದು ಕಂಡಿರಲಿಲ್ಲ.

ನಾಲ್ಕನೇ ಹಾಳೆಗೆ ಕಾಚೋ ಮುದ್ರೆ ಒತ್ತಿದರು. ಒತ್ತುವಾಗ ಒಂದೇ ಪ್ರಶ್ನೆ: "ಇಂಥ ಲೆಕ್ಕ ತಪ್ಪಿದ ಪ್ಯಾಕೆಟ್ ಬೇರೆ ಯಾವ ಲೈನಿನಲ್ಲಿದೆ?" ಆರು ಕಡೆ ಇತ್ತು.

ಬಿಡದಿಗೆ ವಾಪಸ್ ಬಂದ ಮೇಲೆ ತಟ್ಟೆ ತರುವುದು ಸುಲಭವಾಯಿತು. ಕಷ್ಟವಾಗಿದ್ದು ಆಂದೋನ್ ಹಗ್ಗ. ತೊಂದರೆ ಕಂಡರೆ ಎಳೆಯಬೇಕು, ದೀಪ ಹತ್ತಿ ಹಾಡು ಬರುತ್ತದೆ, ಲೀಡರ್ ಓಡಿ ಬರುತ್ತಾನೆ, ಸರಿಹೋಗದಿದ್ದರೆ ಲೈನು ನಿಲ್ಲುತ್ತದೆ. ಜಪಾನಿನಲ್ಲಿ ನಾನು ಮೊದಲ ಸಲ ಎಳೆದಾಗ ಕೈ ನಡುಗುತ್ತಿತ್ತು. ಹಂಚೋ, ಅಂದರೆ ಲೈನಿನ ಲೀಡರ್, ಓಡಿಬಂದು "ಅರಿಗಾತೋ", ಥ್ಯಾಂಕ್ಸ್ ಅಂದಿದ್ದರು. ನಮ್ಮಲ್ಲೂ ಅದೇ ಹಗ್ಗ ಇತ್ತು, ಆದರೆ ದೂಳು ಹಿಡಿದಿತ್ತು. ಎಳೆದವನಿಗೆ ಶಿಫ್ಟ್ ಮುಗಿದ ಮೇಲೆ ಕ್ಲಾಸು ಬೀಳುತ್ತಿತ್ತು, ಯಾರು ಎಳೆಯುತ್ತಾರೆ ಹೇಳಿ? ಸೂಪರ್‌ವೈಸರುಗಳಿಗೆ ಮೊದಲು ಥ್ಯಾಂಕ್ಸ್ ಹೇಳಿ ಅಂದೆ. ಅವರ ಬಾಯಲ್ಲಿ ಅದು ವ್ಯಂಗ್ಯದ ಹಾಗೆ ಕೇಳಿಸುತ್ತಿತ್ತು. ಕೊನೆಗೆ "ಏನಾಯ್ತು, ತೋರ್ಸಿ" ಅನ್ನುವುದಕ್ಕೆ ಒಪ್ಪಿಕೊಂಡೆವು. ಅದು ನಡೆಯಿತು. ತಿಂಗಳೊಳಗೆ ಹಗ್ಗ ಎಷ್ಟು ಸಲ ಎಳೆದರು ಅಂದರೆ, ಬೋರ್ಡ್ ನೋಡಿ ನಮ್ಮ ಮ್ಯಾನೇಜರ್ ಗಾಬರಿಯಾಗಿ ನನ್ನನ್ನು ಕರೆಸಿದರು. ಮೊದಲೂ ಇಷ್ಟೇ ತೊಂದರೆ ಇತ್ತು ಸಾರ್, ನಮಗೆ ಗೊತ್ತಾಗ್ತಿರಲಿಲ್ಲ ಅಂದೆ. ಅವರಿಗೆ ಅಷ್ಟೇನೂ ಸಮಾಧಾನ ಆಗಲಿಲ್ಲ.

ಆ ವರ್ಷ ಆಯುಧ ಪೂಜೆಗೆ ಹುಡುಗರು ಮೆಷಿನ್ನುಗಳ ಜೊತೆ ತಟ್ಟೆಗಳಿಗೂ ಪೂಜೆ ಮಾಡಿದ್ದರು, ಒಂಬತ್ತು ಗುಂಡಿಗೂ ಒಂದೊಂದು ಬೊಟ್ಟು. ರಜೆ ಮುಗಿಸಿ ಲೈನು ಶುರುವಾದ ಐದೇ ನಿಮಿಷಕ್ಕೆ ಆಂದೋನ್ ಹಾಡಿತು. ಓಡಿದೆ. ಬಿಳಿ ಕ್ಲಿಪ್ಪುಗಳ ಮೇಲೆಲ್ಲಾ ಕುಂಕುಮ. ಯಾವನಪ್ಪಾ ಇದನ್ನು ಹಚ್ಚಿದ್ದು ಅನ್ನುವ ಮಾತು ನನ್ನ ನಾಲಿಗೆ ತುದಿಗೇ ಬಂದುಬಿಟ್ಟಿತ್ತು.