ಮುಚ್ಚಿದ ಬಾವಿ ಹೇಳುವ ಲೆಕ್ಕ: ತೈಲಬಾವಿ ಪರೀಕ್ಷೆ ಮಾಡುವುದು ಹೇಗೆ?

ಮೋಟಾರ್ ನಿಲ್ಲಿಸಿದ ಮೇಲೆ ಬೋರ್‌ವೆಲ್ ನೀರು ಬೇಗ ಮೇಲೇರಿತೋ, ಸೆಲೆ ಚೆನ್ನಾಗಿದೆ ಅಂತ ನಮ್ಮ ರೈತರು ಹೇಳಿಬಿಡುತ್ತಾರೆ. ತೈಲಬಾವಿಯಲ್ಲೂ ನೋಡುವುದು ಇದನ್ನೇ. ಅಂತರ್ಜಲಕ್ಕೆ 1935ರಲ್ಲಿ ಜಲವಿಜ್ಞಾನಿ ಥೈಸ್ ಕೊಟ್ಟಂಥದೇ ಲೆಕ್ಕವನ್ನು 1951ರಲ್ಲಿ ತೈಲ ತಜ್ಞ ಹಾರ್ನರ್ ತೈಲಬಾವಿಗೆ ತಂದರು.

ಮೊದಲು ಬಾವಿಯನ್ನು ಕೆಲವು ದಿನ ಒಂದೇ ಸಮನಾಗಿ ಹರಿಯಲು ಬಿಡಿ. ನಡುವೆ ವಾಲ್ವ್ ತಿರುಗಿಸಿದರೆ ಲೆಕ್ಕ ಗೋಜಲಾಗುತ್ತದೆ. ದಿನಕ್ಕೆ ಎಷ್ಟು ಬ್ಯಾರೆಲ್ ಬಂತು, ಬರೆದಿಡಿ.

ಆಮೇಲೆ ತೆಳು ತಂತಿಯಲ್ಲಿ ಒತ್ತಡದ ಗೇಜನ್ನು ತೈಲದ ಪದರದ ಹತ್ತಿರಕ್ಕೆ ಇಳಿಸಿ, ಬಾವಿ ಮುಚ್ಚಿ.

ಈಗ ಬೇಕಾಗಿರುವುದು ತಾಳ್ಮೆ. ಮುಚ್ಚಿದ ಕೂಡಲೇ ಒತ್ತಡ ಸರ್ರನೆ ಏರುತ್ತದೆ. ಅದನ್ನು ನಂಬಬೇಡಿ. ಮೇಲೆ ವಾಲ್ವ್ ಮುಚ್ಚಿದರೂ ಕೆಳಗಿನಿಂದ ತೈಲ ಬಾವಿಯ ಕೊಳವೆಗೆ ನುಗ್ಗುತ್ತಲೇ ಇರುತ್ತದೆ. ಆಗ ಕಾಣುವುದು ಕೊಳವೆಯ ಕಥೆ, ಬಂಡೆಯದ್ದಲ್ಲ. ಉತ್ಪಾದನೆ ನಿಂತಿದೆ ಅಂತ ಬೇಗ ತೆರೆದರೆ ಪರೀಕ್ಷೆ ಮಾಡಿಯೂ ದಂಡ.

ಹರಿದ ಹೊತ್ತಿಗೆ ಮುಚ್ಚಿದ ಹೊತ್ತು ಕೂಡಿಸಿ, ಮುಚ್ಚಿದ ಹೊತ್ತಿನಿಂದ ಭಾಗಿಸಿ. ಅದನ್ನು ಲಾಗ್ ಅಳತೆಯಲ್ಲಿ (1, 10, 100 ಸಮಾನ ದೂರದಲ್ಲಿ ಬರುವಂತೆ) ಅಡ್ಡಕ್ಕೆ, ಒತ್ತಡವನ್ನು ಉದ್ದಕ್ಕೆ ಇಟ್ಟು ಚಿತ್ರ ಬರೆಯಿರಿ. ಕೊಳವೆಯ ಆಟ ಮುಗಿದ ಮೇಲೆ ನೇರ ಗೆರೆ ಬರುತ್ತದೆ. ದಿನಕ್ಕೆ 500 ಬ್ಯಾರೆಲ್, 50 ಅಡಿ ದಪ್ಪದ ಪದರ, 1 ಸೆಂಟಿಪಾಯ್ಸ್ ಸ್ನಿಗ್ಧತೆ (ತೈಲದ ಮಂದತನ), 1.2 ಹಿಗ್ಗುವಿಕೆ (ಮೇಲೆ ಒಂದು ಬ್ಯಾರೆಲ್ ಆಗುವ ತೈಲ ನೆಲದಡಿ 1.2 ಬ್ಯಾರೆಲ್ ಜಾಗ ಹಿಡಿಯುವುದು) ಇದ್ದು, ಅಡ್ಡದ ಅಂಕಿ ಹತ್ತು ಪಟ್ಟಾದಾಗ ಗೆರೆ 40 ಪಿಎಸ್‌ಐ (ಒತ್ತಡದ ಅಳತೆ) ಇಳಿದರೆ ಬಂಡೆ ತೈಲ ಬಿಡುವ ಗುಣ ಸುಮಾರು 49 ಮಿಲಿಡಾರ್ಸಿ. ಇಳಿಜಾರು ಕಡಿದಾದಷ್ಟೂ ಬಂಡೆ ಬಿಗಿ.

ಬಂಡೆ ಚೆನ್ನಾಗಿದ್ದೂ ತೈಲ ಕಡಿಮೆಯೇ? ಕೊರೆಯುವಾಗಿನ ಕೆಸರು ಬಾವಿಯ ಸುತ್ತ ಕಟ್ಟಿಕೊಂಡಿರಬಹುದು. ಇದಕ್ಕೆ ‘ಸ್ಕಿನ್’ ಅನ್ನುತ್ತಾರೆ. ಸಮುದ್ರದೊಳಗಿನ ತೈಲಕ್ಷೇತ್ರ ಮುಂಬೈ ಹೈನಂಥ ಸುಣ್ಣಕಲ್ಲಿನ ಪದರವಾದರೆ ಆಸಿಡ್ ಬಿಟ್ಟು ದಾರಿ ತೆರೆಯುತ್ತಾರೆ. ಬಂಡೆಯೇ ಬಿಗಿಯಾಗಿದ್ದರೆ ಒತ್ತಡ ಹಾಕಿ ಬಿರುಕು ಬಿಡಿಸಬೇಕು. ಸ್ಕಿನ್ ಯಾವುದು, ಬಿಗಿ ಬಂಡೆ ಯಾವುದು ಅಂತ ಗೊಂದಲ ಮಾಡಿಕೊಂಡರೆ ಹಣ ಸುಮ್ನೆ ಹೋಗುತ್ತೆ. ಗೆರೆಯ ಇಳಿಜಾರು ಕೊನೆಗೆ ಎರಡರಷ್ಟಾದರೆ ಹತ್ತಿರದಲ್ಲೇ ತೈಲ ದಾಟದ ಸೀಳುಗೋಡೆ (ಬಂಡೆ ಸೀಳಿ ಸರಿದ ಜಾಗ) ಇರಬಹುದು. ಅದರಾಚೆಗಿನ ತೈಲ ಈ ಬಾವಿಗೆ ಬರುವುದಿಲ್ಲ.

ಸ್ವಲ್ಪ ಕಾಲ ಬಿಟ್ಟು ಮತ್ತೆ ಪರೀಕ್ಷಿಸಿ, ಹಳೆಯ ಅಂಕಿಯ ಪಕ್ಕ ಹೊಸದನ್ನು ಇಡಿ. ಪದರದ ಒತ್ತಡ ಜಾಸ್ತಿ ಕುಸಿದರೆ, ಸೋಡಾ ಮುಚ್ಚಳ ತೆಗೆದಂತೆ ತೈಲದಲ್ಲಿ ಕರಗಿದ್ದ ಗ್ಯಾಸ್ ಹೊರಗೆ ಬರುತ್ತದೆ, ದಪ್ಪ ಎಣ್ಣೆ ಬಂಡೆಯಲ್ಲೇ ಉಳಿಯುತ್ತದೆ. ಆ ಹಂತ ಬರುವ ಮೊದಲೇ ಪಕ್ಕದ ಬಾವಿಗಳಿಂದ ನೀರು ಒಳಗೆ ತಳ್ಳಲು ಶುರುಮಾಡಬೇಕು.