ಮೂವತ್ತು ದಾಟಿದ್ಮೇಲೆ ನಕಲ್ ಬಾಲ್ ಹಿಡ್ಕೊಂಡು ಲೀಗಲ್ಲಿ ಉಳ್ಕೊಂಡಿದ್ದು: ನನ್ನ ಅನುಭವ

ಕ್ರಿಕೆಟ್ ಲೀಗ್ ಆಡೋರಿಗೆ ಗೊತ್ತಿರುತ್ತೆ, ಮೀಡಿಯಂ ಪೇಸರ್‌ಗೆ ಮೂವತ್ತು ದಾಟ್ತು ಅಂದ್ರೆ ಕ್ಲಬ್‌ನೋರು ಫೋನ್ ಎತ್ತೋದೇ ಕಮ್ಮಿ ಮಾಡ್ತಾರೆ. ನಾನು ಬೆಂಗಳೂರಲ್ಲಿ ಡಿವಿಷನ್ ಮೇಲೆ ಕೆಳಗೆ ಓಡಾಡ್ಕೊಂಡು ಏಳೋ ಎಂಟೋ ಕ್ಲಬ್ ಬದಲಾಯಿಸಿದೀನಿ. ಅಮೆರಿಕಾದ ಬೇಸ್‌ಬಾಲಲ್ಲಿ ಎಡ್ವಿನ್ ಜಾಕ್ಸನ್ ಅಂತ ಪಿಚರ್ (ನಮ್ಮ ಬೌಲರ್ ಥರ ಬಾಲ್ ಎಸೆಯೋನು) ಒಬ್ಬ 14 ಮೇಜರ್ ಲೀಗ್ ಟೀಮಿಗೆ ಆಡಿದಾನೆ, ನಂದು ಅದರಲ್ಲಿ ಅರ್ಧ ಅಂದ್ಕೊಳಿ, ದುಡ್ಡು ಮಾತ್ರ ಲೆಕ್ಕಕ್ಕೇ ಇಲ್ಲ. ನನ್ನ ಸ್ಪೀಡ್ ಗಂಟೆಗೆ 125 ಕಿಲೋಮೀಟರ್ ಹತ್ರ ಇದ್ದಿದ್ದು 115ಕ್ಕೆ ಬಂತು, ಮಂಡಿ ನೋವು ಬೇರೆ.

ನಕಲ್ ಬಾಲ್ ಅಂದ್ರೆ ಬೆರಳ ಗೆಣ್ಣು ಇಲ್ಲಾ ಉಗುರು ಊರಿ, ಬಾಲ್ ತಿರುಗದೆ ನಿಧಾನವಾಗಿ ಹೋಗೋ ಹಾಗೆ ಬಿಡೋ ಎಸೆತ. ಅದನ್ನ ಕಲೀತೀನಿ ಅಂದಾಗ ನಕ್ಕವರೇ ಜಾಸ್ತಿ. ಜಹೀರ್ ಖಾನ್ 2011ರ ವರ್ಲ್ಡ್ ಕಪ್ಪಲ್ಲಿ ಹಾಕಿದ್ದು, ಆಮೇಲೆ ಭುವನೇಶ್ವರ್ ಹಾಕಿದ್ದು ಎಲ್ರೂ ನೋಡಿದ್ರು, ಆದ್ರೂ "ಅದೆಲ್ಲ ಟಿವಿಗೆ ಗುರು, ನೀನು ಲೈನ್ ಅಂಡ್ ಲೆಂತ್ ಹಾಕು" ಅನ್ನೋರು. ನಂಗೆ ಧೈರ್ಯ ಬಂದಿದ್ದು ಅಮೆರಿಕಾದ ಬೇಸ್‌ಬಾಲ್ ಪಿಚರ್ ಆರ್.ಎ. ಡಿಕ್ಕಿ ಇಂದ. 1996ರಲ್ಲಿ ಟೆಕ್ಸಸ್ ರೇಂಜರ್ಸ್ ಟೀಮ್‌ನೋರು ಅವನಿಗೆ 8 ಲಕ್ಷ 10 ಸಾವಿರ ಡಾಲರ್ ಕೊಡ್ತೀವಿ ಅಂದು, ಮೊಣಕೈಯಲ್ಲಿ ಒಂದು ಲಿಗಮೆಂಟೇ ಇಲ್ಲ ಅಂತ ಗೊತ್ತಾದ ಮೇಲೆ 75 ಸಾವಿರಕ್ಕೆ ಇಳಿಸಿದ್ರು. ಆಮೇಲೆ ನಕಲ್ ಬಾಲ್ ಹಿಡ್ದ, 2006ರಲ್ಲಿ ಒಂದೇ ಮ್ಯಾಚಲ್ಲಿ ಆರು ಹೋಮ್ ರನ್ (ನಮ್ಮ ಸಿಕ್ಸರ್ ಥರ) ಹೊಡೆಸ್ಕೊಂಡ, ಮತ್ತೆ ಕೆಳಗಿನ ಮೈನರ್ ಲೀಗ್, ಟೀಮ್ ಮೇಲೆ ಟೀಮ್, ಕೊನೆಗೆ 2012ರಲ್ಲಿ ನ್ಯೂಯಾರ್ಕ್ ಮೆಟ್ಸ್ ಟೀಮಿಗೆ 20 ಮ್ಯಾಚ್ ಗೆದ್ದು, ವರ್ಷದ ಬೆಸ್ಟ್ ಪಿಚರ್‌ಗೆ ಕೊಡೋ ಸೈ ಯಂಗ್ ಅವಾರ್ಡೇ ತಗೊಂಡ. ಆಗ ಅವನಿಗೆ ವಯಸ್ಸು 38ರ ಹತ್ರ.

ಸರಿ, ಶುರು ಮಾಡ್ದೆ. ತೋರುಬೆರಳು ನಡುಬೆರಳಿನ ಉಗುರು ಸೀಮ್ ಹಿಂದೆ ಊರಿ, ಹೆಬ್ಬೆರಳು ಉಂಗುರಬೆರಳಲ್ಲಿ ಬಾಲ್ ಹಿಡ್ಕೊಂಡು, ಮಣಿಕಟ್ಟು ಅಲ್ಲಾಡಿಸ್ದೆ ಬಿಡೋದು. ಮೊದಲ ಎರಡು ತಿಂಗಳು ಬರೀ ಬೀಮರ್, ಅಂದ್ರೆ ನೆಲಕ್ಕೆ ಬೀಳ್ದೆ ನೇರ ಮೈಮೇಲೆ ಹೋಗೋ ಬಾಲು. ನೆಟ್ಸಲ್ಲಿ ಹುಡುಗ್ರು "ಅಣ್ಣ, ನಿಮ್ಗೆ ಬ್ಯಾಟಿಂಗ್ ಮಾಡಲ್ಲ" ಅಂತ ಪ್ಯಾಡ್ ಬಿಚ್ಚಿಟ್ರು. ಮ್ಯಾಚಲ್ಲಿ ಒಂದು ಸಲ ಸೊಂಟದ ಮೇಲೆ ಫುಲ್ ಟಾಸ್, ಅಂಪೈರ್ ವಾರ್ನಿಂಗ್, ಮುಂದಿನ ಬಾಲು ಲೆಗ್ ಸೈಡ್ ವೈಡ್ ಬೌಂಡ್ರಿ, ಕ್ಯಾಪ್ಟನ್ ನನ್ ಮುಖಾನೂ ನೋಡ್ದೆ ಬಾಲ್ ಇಸ್ಕೊಂಡು ಸ್ಪಿನ್ನರ್‌ಗೆ ಕೊಟ್ಟ.

ಬಾಲ್ ತಿರುಗ್ತಿದೆಯೋ ಇಲ್ವೋ ಕಣ್ಣಿಗೆ ಗೊತ್ತಾಗಲ್ಲ. ಹಳೇ ಬಾಲ್ ಒಂದು ಸೈಡಿಗೆ ಬಿಳಿ ನೇಲ್ ಪಾಲಿಶ್ ಬಳ್ದು ಮೊಬೈಲಲ್ಲಿ ಸ್ಲೋ ಮೋಷನ್ ಹಿಡ್ದೆ, ಆಗ ತಿಳೀತು ನಡುಬೆರಳು ಒಂಚೂರು ತಡವಾಗಿ ಬಿಡ್ತಿದೆ, ಅದಕ್ಕೇ ಸುತ್ತುತ್ತೆ ಅಂತ. ನೇಲ್ ಪಾಲಿಶ್ ಬೇರೆ ಕೆಲಸಕ್ಕೂ ಬಂತು ಅನ್ನಿ, ಉಗುರು ಮುರೀತಾನೇ ಇತ್ತು, ಫ್ಯಾನ್ಸಿ ಸ್ಟೋರಿಗೆ ಹೋಗಿ ಉಗುರು ಗಟ್ಟಿ ಮಾಡೋದು ಕೊಡಿ ಅಂದ್ರೆ ಅಂಗಡಿಯಮ್ಮ "ಯಾರಿಗೆ ಸಾರ್?" ಅಂದ್ರು. ನಂಗೇ ಅಂದೆ. ಬ್ಯಾಂಡೇಜ್ ಸುತ್ಕೊಂಡು ಹಾಕ್ತೀನಿ ಅಂದ್ರೆ ಅಂಪೈರ್ ಬಿಡಲ್ಲ, ಅದನ್ನೂ ನೋಡಾಯ್ತು.

ಖರ್ಚು ನೆನಪಿನ ಮೇಲೆ ಹೇಳ್ತೀನಿ: ನೆಟ್ಸ್ ಬಾಡಿಗೆ, ಬಾಲು, ಫಿಸಿಯೋ ಎಲ್ಲ ಸೇರಿ ಮೂವತ್ತೈದು ನಲವತ್ತು ಸಾವಿರ ಆಗಿರಬಹುದು. ಅದರಲ್ಲಿ ಅರ್ಧ ಫಿಸಿಯೋಗೇ. ಅದೇ ವರ್ಷ ಒಂದು ಕ್ಲಬ್‌ನೋರು ಪೆಟ್ರೋಲ್ ದುಡ್ಡು ಕೊಡ್ತೀವಿ ಅಂದಿದ್ದು ಇವತ್ತಿಗೂ ಬಂದಿಲ್ಲ, ಹೆಸರು ಬೇಡ ಬಿಡಿ.

ಮಧ್ಯೆ ಕುಂದಾಪುರ ಕಡೆ ನೈಟ್ ಟೂರ್ನಮೆಂಟಿಗೆ ಗೆಸ್ಟ್ ಪ್ಲೇಯರ್ ಆಗಿ ಹೋಗಿದ್ದೆ, ಟೆನಿಸ್ ಬಾಲು. ಅಲ್ಲಿ ಇದೇ ಗ್ರಿಪ್ಪಲ್ಲಿ ಹಾಕಿದ್ರೆ ಬಾಲ್ ಗಾಳೀಲಿ ನಿಜವಾಗ್ಲೂ ಅಲ್ಲಾಡುತ್ತೆ, ಕೀಪರ್ರೇ ಎರಡು ಬಿಟ್ಟ. ಲೆದರ್ ಬಾಲಲ್ಲಿ ಆ ಆಟ ನಡೆಯಲ್ಲ. ಬೇಸ್‌ಬಾಲಿಗೆ ಹೊಲಿಗೆ ಸುತ್ತಲೂ ಓಡಿರುತ್ತೆ, ನಮ್ದು ಮಧ್ಯ ಒಂದೇ ಪಟ್ಟಿ, ಅದಕ್ಕೆ ಡಿಕ್ಕಿ ಥರ ಬಳುಕುತ್ತೆ ಅಂತ ಕಾಯಬೇಡಿ. ನಮಗೆ ಸಿಗೋದು ಡಿಪ್ಪು (ಬಾಲ್ ತಟ್ಟಂತ ಕೆಳಗಿಳಿಯೋದು), ಆಮೇಲೆ ಸ್ಪೀಡಲ್ಲಿ ಇಪ್ಪತ್ತು ಇಪ್ಪತ್ತೈದು ಕಿಲೋಮೀಟರ್ ವ್ಯತ್ಯಾಸ. ಕೈ ಮಾತ್ರ ಫುಲ್ ಸ್ಪೀಡಲ್ಲೇ ಬರಬೇಕು, ಅಲ್ಲಿ ಸ್ವಲ್ಪ ನಿಧಾನ ಮಾಡಿದ್ರೂ ಸೆಟ್ ಆದ ಬ್ಯಾಟ್ಸ್‌ಮನ್ ಸೈಟ್‌ಸ್ಕ್ರೀನ್ ಮೇಲೆ ಕಳಿಸ್ತಾನೆ.

ಹೋದ ಸೀಸನ್ ಮೂವತ್ತರ ಹತ್ರ ವಿಕೆಟ್ ಬಂತು, ಮೂರರಲ್ಲಿ ಒಂದು ಇದೇ ಬಾಲಿಗೆ. "ಟಿವಿಗೆ" ಅಂದಿದ್ರಲ್ಲ, ಅವರಲ್ಲಿ ಒಬ್ಬನದ್ದೇ ಮಿಡಲ್ ಸ್ಟಂಪ್ ಹೋಯ್ತು, ಬ್ಯಾಟ್ ಬೀಸಿ ಮುಗಿದ ಮೇಲೆ ಬಾಲ್ ಬಂತು. ಈ ಸಲ ಟ್ರಾನ್ಸ್‌ಫರ್ ಟೈಮಲ್ಲಿ ಮೂರು ಕ್ಲಬ್ಬಿಂದ ಫೋನು, ಅವರಾಗೇ ಮಾಡಿದ್ದು. ರನ್ ಅಪ್ಪಲ್ಲಿ ಗ್ರಿಪ್ ಯಾವಾಗ ಬದಲಾಯಿಸ್ತೀನಿ ಅಂತ ತುಂಬಾ ಜನ ಕೇಳ್ತಾರೆ, ಅದು ಹೇಳಲ್ಲ, ಇನ್ನೂ ಎರಡು ಸೀಸನ್ ಆಡ್ಬೇಕು ನಾನು.

ಟ್ರೈ ಮಾಡೋರು ಮೊದಲು ಖಾಲಿ ನೆಟ್ಸಲ್ಲಿ ಒಂದೇ ಸ್ಟಂಪಿಗೆ ಹಾಕಿ, ದಿನಕ್ಕೆ ಎರಡು ಮೂರು ಓವರ್ ಸಾಕು, ಜಾಸ್ತಿ ಹಾಕಿದ್ರೆ ಉಗುರು ಹೋಗುತ್ತೆ. ಹೊಸ ಬಾಲಲ್ಲಿ ಜಾರುತ್ತೆ, ಇಪ್ಪತ್ತು ಓವರ್ ಹಳೇದಾಗ್ಲಿ. ಬಾಲ್ ಒದ್ದೆ ಆಯ್ತು ಅಂದ್ರೆ ಇದನ್ನ ಮರೆತುಬಿಡಿ, ವೆಂಕಟೇಶ್ ಪ್ರಸಾದ್ ಹಾಕ್ತಿದ್ರಲ್ಲ, ಆ ಥರ ನಿಧಾನದ ಲೆಗ್ ಕಟರ್ ಹಾಕ್ಕೊಂಡು ಓವರ್ ಮುಗಿಸಿ.